ಭೂಮಿಗೆ ತೂತು ಕೊರೆದ ಅಚ್ಚಣ್ಣ

ಸಿಟ್ಟು ಬರಲು ಅಚ್ಚಣ್ಣನಿಗೆ ದೊಡ್ಡ ಕಾರಣವೇನೂ ಬೇಕಿರಲಿಲ್ಲ. ದೂರು ಕಳಿಸಲು ಒಂದು ವಿಳಾಸವಿದ್ದರೆ ಸಾಕಿತ್ತು.

ಬಸ್ಸಿನ ಮೂರನೇ ಸೀಟಿನ ಕಿಟಕಿ ತೆರೆಯುವುದಿಲ್ಲವೆಂದು ಸಾರಿಗೆ ಕಚೇರಿಗೆ ಬರೆದಿದ್ದ. ಬೆಂಕಿಪೊಟ್ಟಣದ ಮೇಲೆ ಐವತ್ತು ಕಡ್ಡಿ ಎಂದು ಅಚ್ಚು ಹಾಕಿ ಒಳಗೆ ನಲವತ್ತೇಳು ಇಟ್ಟಿದ್ದಾರೆಂದು ಕಂಪನಿಗೆ ಬರೆದಿದ್ದ. ಅಂಚೆಪೆಟ್ಟಿಗೆಯ ಬಾಯಿ ತೀರಾ ಕಿರಿದಾಗಿದೆ ಎಂಬ ಆರು ಪುಟದ ದೂರನ್ನು ಅದೇ ಪೆಟ್ಟಿಗೆಯ ಬಾಯಿಗೆ ತುರುಕಿ ತುರುಕಿ ಅಂಚೆ ಇಲಾಖೆಗೆ ಕಳಿಸಿದ್ದ. ಎಲ್ಲದಕ್ಕೂ ಒಂದೊಂದು ನಕಲು ಮಾಡಿ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದ. ಡಬ್ಬ ತುಂಬಿದಾಗ ಮತ್ತೊಂದು ಡಬ್ಬ ಬೇಕೆಂದು ಮನೆಯವರೆಲ್ಲ ಎರಡು ತಿಂಗಳು ಅದೇ ಬಿಸ್ಕತ್ತು ತಿಂದಿದ್ದರು.

ಅವನಿಗೆ ಬೇರೆ ಹೆಸರೂ ಇತ್ತು. ಹಾಜರಿ ಪುಸ್ತಕದಲ್ಲಿ ಹುಡುಕಿದರೆ ಸಿಕ್ಕೀತು. ಆದರೆ ಮೂವತ್ತು ವರ್ಷ ಅಚ್ಚಿಗೆ ಪ್ಲಾಸ್ಟರ್ ಸುರಿದವನನ್ನು ಅಚ್ಚಣ್ಣ ಎನ್ನದೆ ಇನ್ನೇನೆಂದು ಕರೆಯುವುದು? ಸೈಕಲ್ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಶಾಲೆಗಳಿಗೆ ಬೇಕಾದ ಮಾದರಿಗಳು ತಯಾರಾಗುತ್ತಿದ್ದವು. ಫುಟ್‌ಬಾಲ್ ಗಾತ್ರದ ಹಲ್ಲು, ಬಾಗಿಲು ತೆರೆದು ನೋಡಬಹುದಾದ ಹೃದಯ, ಅರ್ಧಕ್ಕೆ ಸೀಳಿದ ಹೂವು. ಮುಂದಿನ ಕೋಣೆಯ ಹಲಗೆಗಳ ಮೇಲೆ ಸದಾ ನಲವತ್ತು ಎಡಗಿವಿಗಳು ಸಾಲಾಗಿ ಒಣಗುತ್ತಿದ್ದುದರಿಂದ ಆ ಕೋಣೆಯಲ್ಲಿ ಯಾರೂ ಗುಟ್ಟು ಮಾತಾಡುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಅಚ್ಚಣ್ಣನ ಹೆಂಡತಿ ಕೂತು ಬಣ್ಣ ಬಳಿಯುತ್ತಿದ್ದಳು. ದಿನಕ್ಕೆ ಹದಿನೈದು ಹೃದಯಗಳಿಗೆ ಕೆಂಪು ನೀಲಿ ತುಂಬುವ ತನಗೆ ಒಬ್ಬ ಗಂಡನ ಹೃದಯದಲ್ಲಿ ಏನಿದೆಯೆಂದು ಇನ್ನೂ ಪತ್ತೆಯಾಗಿಲ್ಲ ಎನ್ನುವುದು ಅವಳ ದೂರು. ಈ ದೂರನ್ನು ಕಳಿಸಲು ಮಾತ್ರ ಯಾವ ಇಲಾಖೆಯೂ ಇರಲಿಲ್ಲ.

ಕೆಲಸದಲ್ಲಿ ಅಚ್ಚಣ್ಣನನ್ನು ಮೀರಿಸುವವರಿಲ್ಲ. ಪ್ರತಿ ಮಾದರಿಯ ತಳದಲ್ಲೂ, ಪ್ಲಾಸ್ಟರ್ ಇನ್ನೂ ಮೆತ್ತಗಿರುವಾಗಲೇ, ಎಡಗೈ ಹೆಬ್ಬೆರಳನ್ನು ಒತ್ತಿಬಿಡುತ್ತಿದ್ದ. ಆ ಹೆಬ್ಬೆರಳಿಗೆ ಅಡ್ಡಲಾಗಿ ಹಳೆಯ ಗಾಯದ ಗೆರೆಯೊಂದಿತ್ತು. ಚಕ್ರವರ್ತಿಗಳಿಗೆ ಮುದ್ರೆಯುಂಗುರ ಇರುವಂತೆ ತನಗೆ ಇದು ಎಂದು ಅವನ ಭಾವನೆ. ತಳ ತಿರುಗಿಸಿ ನೋಡುವವರು ಲೋಕದಲ್ಲಿ ಯಾರೂ ಇಲ್ಲವೆಂಬುದು ಅವನ ಇನ್ನೊಂದು ಸಿಟ್ಟು.

ಆದರೆ ಆ ಬುಧವಾರ ಸಂಜೆ ಅವನಿಗೆ ಬಂದದ್ದು ಈ ಚಿಲ್ಲರೆ ಸಿಟ್ಟುಗಳ ಜಾತಿಯದಲ್ಲ. ಅಂದು ಅಕ್ಕ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ, ಮಡಿಸಿದ ಉತ್ತರಪತ್ರಿಕೆಯೊಂದನ್ನು ಅವನ ಮುಂದೆ ಇಟ್ಟು ಹೇಳಿದಳು:

"ಮೂವತ್ತಮೂರು ಕಣೋ. ಎರಡು ಮಾರ್ಕು ಕಮ್ಮಿ."

ಅಕ್ಕ ಅವನಿಗಿಂತ ಮೂರು ವರ್ಷ ದೊಡ್ಡವಳು, ಐವತ್ತೈದು. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ದುಡಿದವಳು. ಬಾಯ್ಲರಿನ ಸದ್ದು ಕೇಳಿಯೇ ಒತ್ತಡ ಎಷ್ಟಿದೆಯೆಂದು ಹೇಳುತ್ತಿದ್ದಳು. ಗಡಿಯಾರದಂಥ ಮಾಪಕ ಆಮೇಲೆ ಅವಳು ಹೇಳಿದ್ದನ್ನೇ ತೋರಿಸುತ್ತಿತ್ತು. ಈಗ ಅಲ್ಲಿನ ಮೇಲ್ವಿಚಾರಕರು ನಿವೃತ್ತರಾಗಿದ್ದರು. ಆ ಕುರ್ಚಿ ನ್ಯಾಯವಾಗಿ ಅಕ್ಕನದು. ಆದರೆ ನಿಯಮದ ಪ್ರಕಾರ ಹತ್ತನೇ ತರಗತಿ ಪಾಸಾಗಿರಬೇಕು. ಆಗದಿದ್ದರೆ ಕುರ್ಚಿ ಹೋಗುವುದು ಮೊನ್ನೆ ಮೊನ್ನೆ ಸೇರಿದ ಒಬ್ಬ ಡಿಪ್ಲೊಮಾದವನಿಗೆ. ಆ ಮಹಾನುಭಾವ ಹಬೆ ತುಂಬಿದ ಬಾಯ್ಲರಿನ ಮುಚ್ಚಳ ತೆರೆಯಲು ಹೋದಾಗ ಅಕ್ಕನೇ ಕಾಲರು ಹಿಡಿದು ಎಳೆದು ಅವನ ಮುಖವನ್ನು ಅವನ ಮುಖದಲ್ಲೇ ಉಳಿಸಿದ್ದಳು.

ಅದಕ್ಕಾಗಿ ಅಕ್ಕ ಒಂದು ವರ್ಷ ಸಂಜೆಶಾಲೆಗೆ ಹೋದಳು. ಅಲ್ಲಿ ಪಾಠ ಹೇಳಿದ ಮೇಷ್ಟ್ರೇ ಪರೀಕ್ಷೆ ತಿದ್ದಿ ಅಂಕ ಹಾಕುವುದು. ಮಂಡಿ ಹಿಡಿಸದ ಮಕ್ಕಳ ಬೆಂಚಿನಲ್ಲಿ ಕೂತಳು. ಭಾಷೆ ಪಾಸು, ಲೆಕ್ಕ ಪಾಸು, ಸಮಾಜ ಪಾಸು. ವಿಜ್ಞಾನದಲ್ಲಿ ಮೂವತ್ತೈದು ಬೇಕಿದ್ದ ಕಡೆ ಮೂವತ್ತಮೂರು. ಅರ್ಜಿ ತಲುಪಬೇಕಾದ ಗಡುವು ಶುಕ್ರವಾರ ಐದು ಗಂಟೆ. ಅಂದರೆ ಕೈಯಲ್ಲಿದ್ದದ್ದು ಎರಡೇ ದಿನ.

"ಎಲ್ಲಿ ಹೋಯ್ತು ಎರಡು ಮಾರ್ಕು?" ಅಚ್ಚಣ್ಣ ಕನ್ನಡಕ ಏರಿಸಿದ.

"ಅಲ್ಲಿ. ಜ್ವಾಲಾಮುಖಿ. ಐದು ಮಾರ್ಕಿನ ಪ್ರಶ್ನೆ. ಒಂದು ಕೊಟ್ಟಿದ್ದಾರೆ. ಅದೂ ಅಕ್ಷರ ದುಂಡಗಿದೆ ಅಂತ ಇರಬೇಕು."

ಪ್ರಶ್ನೆ ಸರಳವಾಗಿತ್ತು: ಜ್ವಾಲಾಮುಖಿಯ ರಚನೆ ತಿಳಿಸಿ, ಅದು ಸ್ಫೋಟಿಸಲು ಕಾರಣ ಬರೆಯಿರಿ. ಅಕ್ಕ ಬರೆದದ್ದು ಹೀಗಿತ್ತು:

"ಭೂಮಿಯ ಹೊರಗೆ ಗಟ್ಟಿ ಚಿಪ್ಪಿದೆ. ಅದರ ಕೆಳಗಿನ ಪದರವೂ ಬಹುಪಾಲು ಗಟ್ಟಿ ಕಲ್ಲೇ, ಆದರೆ ತುಂಬಾ ಬಿಸಿ. ಮೇಲಿನ ಒತ್ತಡ ಕಡಿಮೆಯಾದ ಕಡೆ, ಅಥವಾ ನೀರಿನಂಶ ಸೇರಿದ ಕಡೆ, ಆ ಕಲ್ಲಿನ ಸ್ವಲ್ಪ ಭಾಗ ಕರಗುತ್ತದೆ. ಕರಗಿದ್ದು ಸುತ್ತಲಿನ ಕಲ್ಲಿಗಿಂತ ಹಗುರವಾದ್ದರಿಂದ ಮೇಲೇರುತ್ತದೆ. ನೆಲದಿಂದ ಕೆಲವು ಕಿಲೋಮೀಟರ್ ಕೆಳಗೆ ಬಂದು ಒಂದು ಕಡೆ ಸೇರಿಕೊಳ್ಳುತ್ತದೆ. ಅದು ಶಿಲಾಪಾಕದ ಕೋಣೆ. ಕೋಣೆಯಿಂದ ಮೇಲಕ್ಕೆ ಕೊಳವೆ, ಕೊಳವೆಯ ತುದಿಗೆ ಬಾಯಿ. ಬೆಟ್ಟ ಬೆಳೆದಿರುವುದು ಹಿಂದೆ ಹೊರಬಿದ್ದ ಬೂದಿ ಮತ್ತು ಲಾವಾದ ಪದರಗಳಿಂದಲೇ. ಶಿಲಾಪಾಕದಲ್ಲಿ ನೀರಾವಿ ಮುಂತಾದ ಅನಿಲಗಳು ಕರಗಿರುತ್ತವೆ. ಆಳದಲ್ಲಿ ಒತ್ತಡ ಅವನ್ನು ಅದುಮಿ ಹಿಡಿದಿರುತ್ತದೆ. ಪಾಕ ಮೇಲೇರಿದಂತೆ ಒತ್ತಡ ಇಳಿಯುತ್ತದೆ, ಗುಳ್ಳೆ ಏಳುತ್ತದೆ, ಗುಳ್ಳೆ ಹಿಗ್ಗಿ ಎಲ್ಲವನ್ನೂ ಮೇಲಕ್ಕೆ ತಳ್ಳುತ್ತದೆ. ಪಾಕ ತೆಳ್ಳಗಿದ್ದರೆ ಗುಳ್ಳೆ ತಪ್ಪಿಸಿಕೊಂಡು ಹೋಗುತ್ತದೆ, ಲಾವಾ ಹರಿದು ಬರುತ್ತದೆ. ದಪ್ಪಗಿದ್ದರೆ ಗುಳ್ಳೆ ಒಳಗೇ ಸಿಕ್ಕಿಕೊಂಡು ಕೊನೆಗೆ ಸಿಡಿಯುತ್ತದೆ."

"ಕೆಲವು ಕಿಲೋಮೀಟರ್" ಎಂಬಲ್ಲಿ ಕೆಂಪು ಶಾಯಿ ಎರಡು ಗೆರೆ ಎಳೆದಿತ್ತು. ಪಕ್ಕದಲ್ಲಿ ಬರೆದಿತ್ತು: "ತಪ್ಪು. ಭೂಮಿಯ ಕೇಂದ್ರದಿಂದ ಬರುತ್ತದೆ. ಮಾದರಿ ನೋಡಿ."

"ಎಲ್ಲಿ ಓದಿದ್ದು ಇದನ್ನ?"

"ಗ್ರಂಥಾಲಯದಲ್ಲಿ. ಎರಡು ಕೈಯಲ್ಲೂ ಎತ್ತಬೇಕು, ಅಂಥಾ ಪುಸ್ತಕ. ನಮ್ಮ ಪಾಠಪುಸ್ತಕದಲ್ಲಿ ಭೂಮಿಯ ಒಳಗಿಂದ ಬರುತ್ತೆ ಅಂತ ಒಂದು ಸಾಲು ಬರೆದು ಕೈ ತೊಳ್ಕೊಂಡಿದ್ದಾರೆ."

"ಅಕ್ಕಾ, ನೀನು ಬರೆದಿರೋದು ನೂರಕ್ಕೆ ನೂರು ಸರಿ."

"ನಿನಗೇನೋ ಗೊತ್ತು ಜ್ವಾಲಾಮುಖಿ ವಿಷಯ?"

"ಗುಳ್ಳೆ ವಿಷಯ ಗೊತ್ತು. ಮೂವತ್ತು ವರ್ಷದಿಂದ ಗುಳ್ಳೆ ಜೊತೆಗೇ ಸಂಸಾರ."

"ಹಾಗಾದ್ರೆ ಇಲ್ಲಿ ಅಡುಗೆ ಮಾಡಿ ಹಾಕ್ತಿರೋಳು ಯಾರಂತೆ?" ಒಳಗಿನಿಂದ ಹೆಂಡತಿಯ ದನಿ ಬಂತು.

ಅಚ್ಚಣ್ಣ ಕೇಳಿಸಿಕೊಳ್ಳಲಿಲ್ಲ. ಅವನಿಗೆ ಜ್ಞಾನೋದಯವಾಗುತ್ತಿತ್ತು. ಪ್ಲಾಸ್ಟರನ್ನು ತೆಳ್ಳಗೆ ಕಲಸಿದರೆ ಒಳಗಿನ ಗಾಳಿ ತಾನಾಗಿ ಮೇಲೆ ಬಂದು ಟಪ್ ಎಂದು ಒಡೆದು ಹೋಗುತ್ತದೆ. ದಪ್ಪಗೆ ಕಲಸಿದರೆ ಬೇಗ ಗಟ್ಟಿಯಾಗುತ್ತದೆ ನಿಜ, ಆದರೆ ಗಾಳಿ ಒಳಗೇ ಕೂತು, ಕಿವಿಯ ಹಾಲೆಯಲ್ಲೋ ಹೃದಯದ ಗೋಡೆಯಲ್ಲೋ ಗುಂಡಿ ಬಿದ್ದು, ಮಾದರಿಯ ಮಾನ ಹೋಗುತ್ತದೆ. ಅವನು ದಿನವೂ ಬಕೆಟ್ಟಿನಲ್ಲಿ ಕಾಣುತ್ತಿದ್ದುದನ್ನೇ ಭೂಮಿ ಬೆಟ್ಟದಲ್ಲಿ ಮಾಡುತ್ತಿದೆ! ಇದು ಅವನಿಗೆ ಗೊತ್ತು, ಅಕ್ಕನಿಗೆ ಗೊತ್ತು, ಭೂಮಿಗೆ ಗೊತ್ತು. ಗೊತ್ತಿಲ್ಲದವನು ಆ ಮೇಷ್ಟ್ರೊಬ್ಬ.

"ಮಾದರಿ ನೋಡಿ ಅಂತೆ! ಯಾವ ಮಾದರಿ? ಯಾವನು ಮಾಡಿದ್ದು? ನಾಳೆ ಬೆಳಿಗ್ಗೆ ನೀನು ಕೆಲಸಕ್ಕೆ ರಜೆ ಹಾಕು. ಆ ಶಾಲೆಯ ಜಂತಿ ಹಾರಿಸಿ ಬರೋಣ."

ಹೀಗೆ ಗುರುವಾರ ಹತ್ತೂವರೆಗೆ ದಂಡಯಾತ್ರೆ ಹೊರಟಿತು. ಸೇನಾಪತಿಯ ಅಂಗಿ ಇಸ್ತ್ರಿಯಾಗಿತ್ತು. ಜೇಬಿನಲ್ಲಿ ದೂರು ಬರೆಯುವ ಪೆನ್ನು ಮುಚ್ಚಳ ಬಿಚ್ಚಿದ ಸ್ಥಿತಿಯಲ್ಲೇ ಇತ್ತು, ಆದ್ದರಿಂದ ದಾರಿಯಲ್ಲೇ ಜೇಬಿಗೆ ನೀಲಿ ಗಾಯವೂ ಆಯಿತು. ಸೈನ್ಯವೆಂದರೆ ಅಕ್ಕ ಒಬ್ಬಳೇ. ಅವಳು ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಳು.

ಸಂಜೆಶಾಲೆಯ ವಿಜ್ಞಾನದ ಮೇಷ್ಟ್ರು ಹಗಲಿನಲ್ಲಿ ಅದೇ ಕಟ್ಟಡದಲ್ಲಿ ಲೆಕ್ಕದ ಮೇಷ್ಟ್ರು. ಮೊಣಕೈಗೆ ಸೀಮೆಸುಣ್ಣ ಮೆತ್ತಿಕೊಂಡ, ಸಣಕಲು, ಬಲು ಮರ್ಯಾದಸ್ಥ ಮನುಷ್ಯ. ಬಯ್ಯಲು ಬಂದವರಿಗೆ ಮೊದಲು ಕುರ್ಚಿ ಕೊಟ್ಟರು. ಇದರಿಂದ ಅಚ್ಚಣ್ಣನ ಮೊದಲ ಮೂರು ವಾಕ್ಯಗಳು ವ್ಯರ್ಥವಾದವು.

"ನಾನು ಲೆಕ್ಕದವನು ಸ್ವಾಮಿ," ಎಂದರು ಅವರು. "ವಿಜ್ಞಾನದವರ ಜಾಗ ಮೂರು ವರ್ಷದಿಂದ ಖಾಲಿ. ನನ್ನ ತಲೆಗೆ ಕಟ್ಟಿದ್ದಾರೆ. ಜ್ವಾಲಾಮುಖಿ ಬೇಕು ಅಂತ ನಾನೇನು ಅರ್ಜಿ ಹಾಕಿದ್ನಾ?"

"ಗೊತ್ತಿಲ್ಲದಿದ್ರೆ ತಪ್ಪು ಅಂತ ಯಾಕೆ ಗೆರೆ ಎಳೀತೀರಿ?"

"ಗೊತ್ತಿಲ್ಲ ಅಂತಾನೇ ಮಾದರಿ ನೋಡಿ ಎಳೆದೆ."

ಅಕ್ಕ ನಡುವೆ ಬಾಯಿ ಹಾಕಿದಳು. "ಮೇಷ್ಟ್ರೇ, ಭೂಮಿ ನಡುವಲ್ಲಿ ಇರೋದು ಕಬ್ಬಿಣ. ಅಲ್ಲಿಂದ ಬರೋದಾದ್ರೆ ಬೆಟ್ಟದ ಬಾಯಲ್ಲಿ ಕಬ್ಬಿಣ ಸುರೀಬೇಕಿತ್ತು. ಲಾವಾ ಆರಿದ ಮೇಲೆ ಕಲ್ಲು ಯಾಕಾಗುತ್ತೆ?"

ಮೇಷ್ಟ್ರು ಎದ್ದು ಬೀರು ತೆರೆದರು. ಒಳಗಿನಿಂದ ಎರಡೂ ಕೈಯಲ್ಲಿ ತಂದು ಮೇಜಿನ ಮೇಲೆ ಇಟ್ಟರು: ಒಂದಡಿ ಎತ್ತರದ, ಅರ್ಧಕ್ಕೆ ಸೀಳಿದ ಜ್ವಾಲಾಮುಖಿ. ಸೀಳಿದ ಮುಖದಲ್ಲಿ ಎಲ್ಲವೂ ಇತ್ತು. ಬೂದು ಮತ್ತು ಕಂದು ಪದರಗಳು, ಮೊಟ್ಟೆಯಾಕಾರದ ಕೋಣೆ, ಅಲ್ಲಿಂದ ಬಾಯಿಯವರೆಗೆ ಕೊಳವೆ. ಜೊತೆಗೆ ಕೋಣೆಯಿಂದ ಕೆಳಕ್ಕೂ, ಪೀಠದ ಅಂಚಿನವರೆಗೆ ನೇರವಾಗಿ ಇಳಿದ ಇನ್ನೊಂದು ಕೆಂಪು ಕೊಳವೆ. ಅದರ ಬುಡದಲ್ಲಿ ಅಂಟಿಸಿದ ಚೀಟಿ: ಭೂಮಿಯ ಕೇಂದ್ರ.

"ನೋಡಿ. ಇಲಾಖೆ ಒಪ್ಪಿದ ಮಾದರಿ. ನಾನು ಸುಳ್ಳು ಹೇಳಬಹುದು, ಪ್ಲಾಸ್ಟರ್ ಸುಳ್ಳು ಹೇಳುತ್ತಾ?"

ಅಚ್ಚಣ್ಣ ಕುರ್ಚಿಯಿಂದ ಎದ್ದ. ಮೂವತ್ತು ವರ್ಷ ಕೂಡಿಟ್ಟ ಸಿಟ್ಟೆಲ್ಲ ಒಂದೇ ಕಡೆ ಸೇರಿತ್ತು.

"ಯಾವ ಕತ್ತೆ ಮಾಡಿದ್ದು ಇದನ್ನ? ಕೈಗೆ ಸಿಕ್ಕಿದ್ದನ್ನ ಮಕ್ಕಳ ಮುಂದೆ ಇಡೋದಾ? ಇಂಥವನಿಗೆ ಅನ್ನ ತಿನ್ನೋ ಹಕ್ಕಿದೆಯಾ? ವಿಳಾಸ ಕೊಡಿ, ಈಗಲೇ ಬರೀತೀನಿ!" ಎನ್ನುತ್ತಾ ತಯಾರಕರ ವಿಳಾಸ ಹುಡುಕಲು ಮಾದರಿಯನ್ನು ತಲೆಕೆಳಗು ಮಾಡಿದ.

ತಳದಲ್ಲಿ ಒಂದು ಹೆಬ್ಬೆರಳಿನ ಗುರುತಿತ್ತು. ಅಡ್ಡಲಾಗಿ ಗಾಯದ ಗೆರೆ.

ಅಷ್ಟು ಹೊತ್ತೂ ಅವನಿಗೆ ಅದು ಜ್ವಾಲಾಮುಖಿ. ಈಗ ಅದು ಹದಿನೇಳನೇ ನಂಬರು. ಕಾರ್ಖಾನೆಯಲ್ಲಿ ಯಾವುದಕ್ಕೂ ಹೆಸರಿಲ್ಲ: ಕಿವಿ ನಾಲ್ಕು, ಹೃದಯ ಒಂಬತ್ತು. ಹದಿನೇಳನೇ ನಂಬರಿನ ಅಚ್ಚು ಮಾಡಿದ ಹೊಸತರಲ್ಲಿ ಮೊಟ್ಟೆಯಾಕಾರದ ಉಬ್ಬಿನ ಹತ್ತಿರ ಗಾಳಿ ಸಿಕ್ಕಿಕೊಂಡು ಪ್ರತಿಸಲ ಗುಂಡಿ ಬೀಳುತ್ತಿತ್ತು. ತೆಳ್ಳಗೆ ಕಲಸಲು ಕಾರ್ಖಾನೆಯ ಯಜಮಾನರು ಬಿಡರು. ದಿನಕ್ಕೆ ಇಷ್ಟು ಅಚ್ಚು ಬೀಳಲೇಬೇಕೆಂದು ಹಟ. ಅದಕ್ಕೆ ಅಚ್ಚಣ್ಣ ಅಚ್ಚಿನೊಳಗೆ ಉಬ್ಬಿನಿಂದ ಪೀಠದವರೆಗೆ ಪೆನ್ಸಿಲ್ ದಪ್ಪದ ಒಂದು ರಬ್ಬರ್ ಕಂಬಿ ಕೂರಿಸಿದ್ದ. ಗಾಳಿ ಆ ಕಂಬಿಯನ್ನು ಹಿಡಿದುಕೊಂಡು ಹೊರಗೆ ಹೋಗುತ್ತಿತ್ತು. ಅಚ್ಚು ಬಿಡಿಸಿದ ಮೇಲೆ ಕಂಬಿ ಇದ್ದ ಕಡೆ ಗೀರು ಉಳಿಯುತ್ತಿತ್ತು. ಅವನ ಮಟ್ಟಿಗೆ ಅದು ಗಾಳಿಯ ದಾರಿ. ಬೆಟ್ಟಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅದನ್ನು ಬೇರೆ ಯಾರಾದರೂ ಬೇರೆ ಏನಾದರೂ ಅಂದುಕೊಂಡಾರು ಎಂದು ಒಂದು ಸಲವೂ ಅವನ ತಲೆಗೆ ಹೊಳೆದಿರಲಿಲ್ಲ.

ಅವನು ಮಾದರಿಯನ್ನು ಮೆಲ್ಲಗೆ ನೆಟ್ಟಗೆ ಇಟ್ಟ. ಮುಖ ಹುಳ್ಳಗಾಗಿತ್ತು.

"ನಡಿ ಅಕ್ಕಾ, ಹೋಗೋಣ. ಇವರಿಗೆ ಕೆಲಸ ಇರುತ್ತೆ."

"ಎಲ್ಲಿಗೋ ಹೋಗೋದು? ಕತ್ತೆ ವಿಳಾಸ ಸಿಕ್ಕಿತಾ?"

"ಆಮೇಲೆ ಹೇಳ್ತೀನಿ."

ಅಕ್ಕ ಮಾದರಿಯನ್ನು ತಾನೇ ತಿರುಗಿಸಿದಳು. ಆ ಗಾಯಕ್ಕೆ ಬಟ್ಟೆ ಕಟ್ಟಿದವಳು ಅವಳೇ. ಅವನಿಗಾಗ ಒಂಬತ್ತು ವರ್ಷ, ಅವಳಿಗೆ ಹನ್ನೆರಡು. ತಳದ ಗುರುತನ್ನು ನೋಡಿದಳು, ತಮ್ಮನನ್ನು ನೋಡಿದಳು. ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಿತವಾಗುತ್ತಿತ್ತು.

"ಎರಡು ಮಾರ್ಕು ಕಣೋ," ಎಂದಳು ಅಷ್ಟೆ.

ಬಾಯಿಗೆ ಬೀಗ ಹಾಕಿಕೊಂಡು ಹೊರಟುಬಿಡಬಹುದಿತ್ತು. ಕಾರ್ಖಾನೆಯ ಮಾನ ಉಳಿಯುತ್ತಿತ್ತು, ಹೆಬ್ಬೆರಳಿನ ಮಾನವೂ ಉಳಿಯುತ್ತಿತ್ತು. ಅಕ್ಕನ ಕುರ್ಚಿ ಮಾತ್ರ ಡಿಪ್ಲೊಮಾದವನ ಪಾಲಾಗುತ್ತಿತ್ತು. ಅಚ್ಚಣ್ಣ ಎಡಗೈ ಎತ್ತಿ ಹೆಬ್ಬೆರಳನ್ನು ಮೇಷ್ಟ್ರ ಕನ್ನಡಕದ ಮುಂದೆ ಹಿಡಿದ.

"ಆ ಕತ್ತೆ ನಾನೇ ಮೇಷ್ಟ್ರೇ. ಅದು ಕೊಳವೆ ಅಲ್ಲ. ಪ್ಲಾಸ್ಟರಿನ ಗಾಳಿ ಹೋಗಲಿ ಅಂತ ನಾನು ಬಿಟ್ಟ ದಾರಿ."

ಮೇಷ್ಟ್ರು ಬೆರಳನ್ನೂ ತಳವನ್ನೂ ಮೂರು ಸಲ ಹೋಲಿಸಿದರು. ಆಮೇಲೆ ಅವರೊಳಗಿನ ಲೆಕ್ಕದವನು ಎಚ್ಚೆತ್ತ. "ತಡೀರಿ. ಬೆಟ್ಟ ಮೂರು ಕಿಲೋಮೀಟರ್ ಎತ್ತರ ಅಂತ ಇಟ್ಕೊಳ್ಳೋಣ. ಇಲ್ಲಿ ಅದು ಒಂದಡಿ. ಭೂಮಿಯ ಕೇಂದ್ರ ಆರು ಸಾವಿರದ ನಾನೂರು ಕಿಲೋಮೀಟರ್ ಕೆಳಗೆ. ಅಂದರೆ ಈ ಮೇಜಿನಿಂದ ಎರಡು ಸಾವಿರ ಅಡಿಗೂ ಕೆಳಗೆ ಇರಬೇಕು! ಚೀಟಿ ಆರು ಇಂಚಿನಲ್ಲಿ ಅಂಟಿಸಿದ್ದೀರಲ್ಲ! ಇದನ್ನ ನಾನು ಒಂದು ಸಲವಾದ್ರೂ ಲೆಕ್ಕ ಹಾಕಬಾರದಿತ್ತಾ?" ಎಂದು ಹಣೆ ಚಚ್ಚಿಕೊಂಡರು. ಆದರೂ ಮೂರು ವರ್ಷದಲ್ಲಿ ಮೊದಲ ಸಲ ವಿಜ್ಞಾನ ಅವರಿಗೆ ರುಚಿಸಿದಂತೆ ಕಾಣುತ್ತಿತ್ತು.

ಅಷ್ಟರಲ್ಲಿ ಗದ್ದಲ ಕೇಳಿ ಹೆಡ್ ಮೇಡಂ ಬಂದರು. ಬೀಗದ ಕೈ ಗೊಂಚಲು ಆಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡು ತೀರ್ಪು ಕೊಟ್ಟರು. ಒಮ್ಮೆ ಹಾಕಿದ ಅಂಕ ತಿದ್ದಬೇಕಾದರೆ ಲಿಖಿತ ಆಧಾರ ಬೇಕು. ಮಾದರಿ ತಪ್ಪೆಂದು ತಯಾರಕರೇ ಬರೆದು, ಮೊಹರು ಹಾಕಿ, ನಾಳೆ ಮಧ್ಯಾಹ್ನದೊಳಗೆ ಕೊಟ್ಟರೆ ಸರಿ. ಹೆಬ್ಬೆಟ್ಟನ್ನು ಕಡತಕ್ಕೆ ಲಗತ್ತಿಸಲು ಬರುವುದಿಲ್ಲ.

ಕಾರ್ಖಾನೆಗೆ ಬರುವ ದಾರಿಯುದ್ದಕ್ಕೂ ಅಚ್ಚಣ್ಣ ಯಾರ ಮೇಲೆ ಸಿಟ್ಟಾಗಬೇಕೆಂದು ಹುಡುಕಿದ. ಬಾಗಿಲು ದಾಟುತ್ತಲೇ ಹೆಂಡತಿ ಸಿಕ್ಕಿದಳು.

"ಆ ಗೀರಿಗೆ ಕೆಂಪು ಬಳಿ ಅಂತ ಯಾರೇ ಹೇಳಿದ್ದು ನಿನಗೆ?"

"ಜ್ವಾಲಾಮುಖಿ ಒಳಗೆ ತೂತು ಬಿಟ್ಟು ಕೊಟ್ಟರೆ ಇನ್ಯಾವ ಬಣ್ಣ ಬಳೀಬೇಕಿತ್ತು? ಗಿಳಿ ಹಸಿರಾ? ತೂತು ಬಿಟ್ಟವರು ಯಾರ್ರೀ?"

"ಅದು ಗಾಳಿದು!"

"ಗಾಳಿದು ಅಂತ ಗಾಳಿ ಬಂದು ನನಗೆ ಹೇಳುತ್ತಾ?"

ಅಚ್ಚಣ್ಣ ಅದೇ ಸಿಟ್ಟನ್ನು ಹೊತ್ತು ಯಜಮಾನರ ಮೇಜಿಗೆ ಹೋದ. ಯಜಮಾನರು ದಢೂತಿ, ಸದಾ ಬೆವರುವ, ಒಂದು ಚೀಟಿಯನ್ನೂ ಹಾಳು ಮಾಡದ ಮನುಷ್ಯ. ಕೆಂಪು ಕೊಳವೆ ಪೀಠದ ಅಂಚಿಗೆ ಬಂದು ಸುಮ್ಮನೆ ನಿಂತಿರುವುದನ್ನು ನೋಡಿ, ಎಲ್ಲಿಗೋ ಹೋಗಬೇಕಲ್ಲ ಎಂದು "ಭೂಮಿಯ ಕೇಂದ್ರ" ಎಂಬ ಚೀಟಿ ಅಚ್ಚು ಹಾಕಿಸಿದವರು ಅವರೇ. ಹೀಗೆ ಒಬ್ಬ ಗೀರು ಬಿಟ್ಟು, ಒಬ್ಬಳು ಬಣ್ಣ ಬಳಿದು, ಒಬ್ಬರು ಹೆಸರಿಟ್ಟು, ಮೂವರೂ ಸೇರಿ ಭೂಮಿಗೆ ತೂತು ಕೊರೆದಿದ್ದರು.

"ಬರೆದುಕೊಡೋದಾ?" ಯಜಮಾನರು ಬೆವರೊರೆಸಿಕೊಂಡರು. "ಮೊನ್ನೆ ತಾನೇ ಹದಿನೇಳನೇ ನಂಬರಿಗೆ ಮುನ್ನೂರರ ಆರ್ಡರು ಬಂದಿದೆ. ಈಗ ನಾನು ತಪ್ಪು ಅಂತ ಬರೆಯೋದಾ? ಇಪ್ಪತ್ತೆರಡು ವರ್ಷದಲ್ಲಿ ಒಬ್ಬರಾದ್ರೂ ದೂರು ಕೊಟ್ಟಿದ್ದಾರೇನೋ?"

ದೂರು ಕೊಟ್ಟಿದ್ದಾರೇನೋ! ಈ ಪ್ರಶ್ನೆಯನ್ನು ಯಾರಿಗೆ ಕೇಳಿದ್ದರು! ಬೆಂಕಿಕಡ್ಡಿ ಎಣಿಸಿದವನಿಗೆ, ಅಂಚೆಪೆಟ್ಟಿಗೆಯ ಬಾಯಿ ಅಳೆದವನಿಗೆ. ಊರಿನ ತಪ್ಪೆಲ್ಲ ಕಣ್ಣಿಗೆ ಬಿದ್ದು, ಕೈಯಲ್ಲೇ ಹಿಡಿದದ್ದು ಬೀಳದೆ ಹೋಯಿತಲ್ಲ ಎಂದು ಅಚ್ಚಣ್ಣನ ಸಿಟ್ಟು ಮೇಲೇರಿತು. ಮೇಲೇರಿದಂತೆ ಹಿಗ್ಗಿತು. ಅವನು ಕಪಾಟಿನಿಂದ ಹದಿನೇಳನೇ ನಂಬರಿನ ರಬ್ಬರ್ ಅಚ್ಚು ತಂದ, ಮೇಜಿನ ಮೇಲೆ ಇಟ್ಟ, ಚಾಕು ತೆಗೆದು ಕಂಬಿಯನ್ನು ಬುಡಸಮೇತ ಕೊಯ್ದು ಕಿತ್ತ.

"ಅಯ್ಯೋ, ಅಚ್ಚು!" ಯಜಮಾನರು ಎದ್ದರು. "ಗಾಳಿ ಎಲ್ಲಿಂದ ಹೋಗುತ್ತೋ ಇನ್ಮೇಲೆ?"

"ತೆಳ್ಳಗೆ ಕಲಸಿದ್ರೆ ತಾನೇ ಹೋಗುತ್ತೆ," ಬಾಗಿಲಲ್ಲಿ ನಿಂತಿದ್ದ ಅಕ್ಕ ಹೇಳಿದಳು. "ನನ್ನ ಉತ್ತರದಲ್ಲೇ ಬರೆದಿದ್ದೀನಿ. ಅದಕ್ಕೆ ಮಾರ್ಕು ಕೊಡಲಿಲ್ಲ."

"ತೆಳ್ಳಗೆ ಕಲಸಿದ್ರೆ ಒಣಗೋಕೆ ಒಂದು ಗಂಟೆ ಜಾಸ್ತಿ ಬೇಕಮ್ಮಾ!"

"ನಿಮ್ಮ ಆ ಒಂದು ಗಂಟೆ ಉಳಿಸೋಕೆ ನನ್ನ ಒಂದು ವರ್ಷ ಹೋಯ್ತು ಯಜಮಾನ್ರೇ."

ನಲವತ್ತು ಎಡಗಿವಿಗಳೂ ಕೇಳಿಸಿಕೊಂಡವು. ಯಜಮಾನರು ಕಿತ್ತುಹೋದ ಅಚ್ಚನ್ನು ನೋಡುತ್ತಾ ತಲೆ ಮೇಲೆ ಕೈ ಹೊತ್ತು ಕೂತರು. ಆಗ ಒಳಗಿನಿಂದ, ಕುಂಚ ಒರೆಸುತ್ತಾ, ಹೆಂಡತಿ ಸುಮ್ಮನೆ ಒಂದು ಮಾತು ಬಿಟ್ಟಳು:

"ಹಳೇದು ತಪ್ಪು ಅಂತಾದ್ರೆ, ಇರೋಬರೋ ಶಾಲೆಯವರೆಲ್ಲ ಹೊಸದು ತರಿಸಬೇಕಾಗುತ್ತೆ, ಅಲ್ವಾ?"

ಯಜಮಾನರ ಬೆವರು ನಿಂತುಹೋಯಿತು. ಎರಡೇ ನಿಮಿಷದಲ್ಲಿ ಕಾಗದ, ಪೆನ್ನು, ಮೊಹರು ಮೇಜಿನ ಮೇಲಿದ್ದವು. ಅವರು ಬರೆಯತೊಡಗಿದರು: "ಇತ್ತೀಚಿನ ಸಂಶೋಧನೆಗಳ ಬೆಳಕಿನಲ್ಲಿ ನಮ್ಮ ಮಾದರಿಯನ್ನು ಇನ್ನಷ್ಟು ಉತ್ತಮಪಡಿಸಲು..."

"ಯಾವ ಸಂಶೋಧನೆ?" ಅಚ್ಚಣ್ಣ ಕಾಗದ ಕಿತ್ತುಕೊಂಡ. "ಇಲ್ಲಿ ಸಂಶೋಧನೆ ಆಗಿರೋದು ನನ್ನ ಹೆಬ್ಬೆಟ್ಟು ಒಂದೇ!" ಜೇಬಿನ ಪೆನ್ನು ತೆಗೆದು ತಾನೇ ಬರೆದ: "ಕೋಣೆಯ ಕೆಳಗಿನ ಕೆಂಪು ಕೊಳವೆ ಜ್ವಾಲಾಮುಖಿಯ ಭಾಗವಲ್ಲ. ಪ್ಲಾಸ್ಟರಿನ ಗಾಳಿ ಹೋಗಲು ಬಿಟ್ಟ ದಾರಿ. ತಪ್ಪು ನಮ್ಮದು. ವಿದ್ಯಾರ್ಥಿನಿ ಬರೆದದ್ದು ಸರಿ." ಸಾವಿರ ದೂರು ಬರೆದ ಪೆನ್ನು ಮೊದಲ ಸಲ ಒಂದು ತಪ್ಪೊಪ್ಪಿಗೆ ಬರೆಯಿತು. ಅಭ್ಯಾಸವಿಲ್ಲದೆ ಎರಡು ಕಡೆ ಶಾಯಿ ಕಾರಿತು. ಕೊನೆಗೆ ಯಜಮಾನರು ಹಲ್ಲು ಕಡಿಯುತ್ತಾ ಮೊಹರು ಒತ್ತಿದರು.

ಶುಕ್ರವಾರ ಹನ್ನೊಂದಕ್ಕೆ ಮೇಷ್ಟ್ರು ಕೆಂಪು ಶಾಯಿಯನ್ನು ಕೆಂಪು ಶಾಯಿಯಲ್ಲೇ ಹೊಡೆದುಹಾಕಿ ಐದಕ್ಕೆ ಐದು ಕೊಟ್ಟರು. ಮೂವತ್ತಮೂರು ಮೂವತ್ತೇಳಾಯಿತು. ನಾಲ್ಕೂಕಾಲಿಗೆ ಅಕ್ಕನ ಅರ್ಜಿ ಆಸ್ಪತ್ರೆಯ ಕಚೇರಿಗೆ ತಲುಪಿತು. ಮುಂದಿನ ತಿಂಗಳ ಮೊದಲ ದಿನ ಅವಳು ಆ ಕುರ್ಚಿಯಲ್ಲಿ ಕೂತಳು. ಡಿಪ್ಲೊಮಾದವನು ಮೊದಲ ದಿನವೇ ಬಂದು, ಇನ್ನು ಮುಚ್ಚಳ ತೆರೆಯುವ ಮುಂಚೆ ಕೇಳುತ್ತೇನೆ ಎಂದ.

ಕಥೆ ಇಲ್ಲಿಗೆ ಮುಗಿದರೆ ಅಚ್ಚಣ್ಣ ಅಚ್ಚಣ್ಣನೇ ಅಲ್ಲ. ಯಜಮಾನರು ಹೊಸ ಮಾದರಿ ಕೊಳ್ಳಿರೆಂದು ಶಾಲೆಗಳಿಗೆ ಸುತ್ತೋಲೆ ಕಳಿಸಿದ್ದು ಅವನಿಗೆ ಗೊತ್ತಾಯಿತು. ತಪ್ಪು ನಮ್ಮದಾದಾಗ ಶಾಲೆಯವರು ಯಾಕೆ ಕೊಳ್ಳಬೇಕು? ಅವನು ಪ್ರತಿ ಭಾನುವಾರ ಒಂದು ಚೀಲದಲ್ಲಿ ಪ್ಲಾಸ್ಟರ್, ಒಂದು ಬಟ್ಟಲು, ಕಂದು ಬಣ್ಣದ ಡಬ್ಬಿ ಹಾಕಿಕೊಂಡು ಶಾಲೆ ಶಾಲೆ ಸುತ್ತತೊಡಗಿದ. ಕಾವಲುಗಾರರನ್ನು ಪುಸಲಾಯಿಸಿ ಬೀರು ತೆಗೆಸಿ, ಗೀರು ಮುಚ್ಚಿ, ಚೀಟಿ ಕೆರೆದು ಬರುತ್ತಿದ್ದ. ಕೆಲವು ಕಡೆ ಹೊರಗೆ ಅಟ್ಟಿದರು. ಒಂದು ಶಾಲೆಯ ಮುಖ್ಯೋಪಾಧ್ಯಾಯರಂತೂ, "ಯಾರ್ರೀ ನೀವು, ಇಲಾಖೆ ಒಪ್ಪಿದ ಮಾದರಿ ಕೆಡಿಸೋಕೆ? ಬೆಂಕಿ ಬರೋ ದಾರೀನೇ ಮುಚ್ತಿದ್ದೀರಲ್ಲ!" ಎಂದು ಕೂಗಾಡಿದರು. ತಾನು ಕಲಿಸಿದ ಪಾಠವನ್ನು ತನಗೇ ಒಪ್ಪಿಸುತ್ತಿದ್ದಾರಲ್ಲ ಎಂದು ಅಚ್ಚಣ್ಣನಿಗೆ ಮೈಯೆಲ್ಲ ಉರಿಯಿತು.

ಮನೆಗೆ ಬಂದವನೇ ಶಿಕ್ಷಣ ಇಲಾಖೆಗೆ ಒಂಬತ್ತು ಪುಟದ ದೂರು ಬರೆದ. ಹದಿನೇಳನೇ ನಂಬರಿನ ತಯಾರಕನು ಇಪ್ಪತ್ತೆರಡು ವರ್ಷದಿಂದ ಮಕ್ಕಳ ದಾರಿ ತಪ್ಪಿಸಿದ್ದಾನೆ, ಅವನ ಮೇಲೆ ಕಠಿಣ ಕ್ರಮ ಕೈಗೊಳ್ಳಬೇಕು, ಹಳೆಯ ಮಾದರಿಗಳನ್ನೆಲ್ಲ ಅವನ ಕೈಯಲ್ಲೇ ರಿಪೇರಿ ಮಾಡಿಸಬೇಕು. ಕೆಳಗೆ ತನ್ನ ಸಹಿ. ಆರೋಪಿಯ ಹೆಸರಿನ ಜಾಗದಲ್ಲೂ ತನ್ನದೇ.

ತಿಂಗಳಾದ ಮೇಲೆ ಇಲಾಖೆಯಿಂದ ಉತ್ತರ ಬಂತು. ಜೀವಮಾನದಲ್ಲಿ ಅವನ ದೂರಿಗೆ ಬಂದ ಮೊದಲ ಉತ್ತರ ಅದು. ಅವನು ಅದನ್ನು ಎತ್ತಿಕೊಂಡು ನೇರವಾಗಿ ಅಕ್ಕನ ಬಳಿ ಹೋದ. ಅಕ್ಕ ಮೇಲ್ವಿಚಾರಕಿಯ ಕುರ್ಚಿಯಲ್ಲಿ ಕೂತು, ಒಂದು ಕಿವಿ ಬಾಯ್ಲರಿನ ಕಡೆ ಇಟ್ಟುಕೊಂಡೇ, ಓದಿದಳು: "ದೂರುದಾರರೂ ಆರೋಪಿಯೂ ಒಂದೇ ಮನೆಯಲ್ಲಿ ವಾಸವಾಗಿರುವುದು ಕಂಡುಬಂದಿದೆ. ವಿಷಯವನ್ನು ತಮ್ಮತಮ್ಮಲ್ಲೇ ಮಾತಾಡಿ ಬಗೆಹರಿಸಿಕೊಳ್ಳಲು ಸೂಚಿಸಲಾಗಿದೆ."

"ನೋಡಿದೆಯಾ ಅಕ್ಕಾ ಇವರ ಬೇಜವಾಬ್ದಾರಿ! ತಪ್ಪು ಮಾಡಿದವನನ್ನ ಹೀಗೆ ಸುಮ್ಮನೆ ಬಿಟ್ಟುಬಿಡೋದಾ?"

ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಬಾಯ್ಲರಿನ ಕಡೆ ಕೈ ತೋರಿಸಿ ಡಿಪ್ಲೊಮಾದವನಿಗೆ ಕೂಗಿದಳು: "ಕವಾಟ ಅರ್ಧ ಸುತ್ತು ಬಿಡಪ್ಪಾ, ಜಾಸ್ತಿ ಆಯ್ತು." ಹಬೆ ಸುಯ್ಯೆಂದು ಹೊರಗೆ ಹೋಯಿತು.

"ನೀನೂ ಬಿಡು," ಎಂದಳು ತಮ್ಮನಿಗೆ. "ಭಾನುವಾರ ಯಾವ ಶಾಲೆ?"

"ರೈಲ್ವೆ ಗೇಟಿನ ಆಚೆದು. ಒಳಗೆ ಬಿಡಲ್ಲ ಅಂತಾರೆ ಆ ನಾಲಾಯಕ್‌ಗಳು."

"ನಾನೂ ಬರ್ತೀನಿ. ಹತ್ತನೇ ಕ್ಲಾಸ್ ಪಾಸಾದವಳು ಜೊತೆಗಿದ್ರೆ ಬಿಡ್ತಾರೆ. ಪ್ಲಾಸ್ಟರ್ ಮಾತ್ರ ತೆಳ್ಳಗೆ ಕಲಸು."